ದೇವರ ದುಡ್ಡಿಗೆ ತೆರಿಗೆ ಬೇಕೆ?

ಕಳೆದ ಡಿಸೆಂಬರ್‌ನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ವಿಶಾಖಪಟ್ಟಣಕ್ಕೆ ಬಂದಿದ್ದಳು. ಮಾರ್ಗಶಿರ ಮಾಸ, ಅದರಲ್ಲೂ ಗುರುವಾರ. ಈ ಊರಿನವರಿಗೆ ಮಾರ್ಗಶಿರದ ಗುರುವಾರ ಅಂದರೆ ಒನ್ ಟೌನಿನ ಬುರುಜುಪೇಟೆಯ ಕನಕ ಮಹಾಲಕ್ಷ್ಮಿ ಗುಡಿಗೆ ಹೋಗುವ ದಿನ. ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಮಧುರವಾಡದ ಫ್ಲಾಟು, ಋಷಿಕೊಂಡದ ಆಫೀಸು, ಇವೆರಡರ ನಡುವೆಯೇ ನನ್ನ ಓಡಾಟ. ಊರಿನಿಂದ ಯಾರಾದರೂ ಬಂದಾಗ ಮಾತ್ರ ಹಳೇ ಪಟ್ಟಣದ ಕಡೆ ಕಾಲು ಹಾಕುವುದು.

ಒನ್ ಟೌನ್ ಅಂದರೆ ಬಂದರಿನ ಪಕ್ಕದ ಹಳೆಯ ಊರು. ಕಿರಿದಾದ ಬೀದಿಗಳು, ಕುರುಪಾಂ ಮಾರ್ಕೆಟ್ಟು, ಹಳೇ ಪೋಸ್ಟಾಫೀಸು. ಹಡಗು ಒಳಗೆ ಬರುವ ಕಾಲುವೆಯ ಪಕ್ಕದಲ್ಲೇ ಸಾಲಾಗಿ ಮೂರು ಗುಡ್ಡಗಳಿವೆ. ಒಂದರ ಮೇಲೆ ವೆಂಕಟೇಶ್ವರನ ಗುಡಿ, ಇನ್ನೊಂದರ ಮೇಲೆ ಇಸಾಕ್ ಮದನಿ ಬಾಬಾ ದರ್ಗಾ, ಮೂರನೆಯದಾದ ರಾಸ್ ಹಿಲ್ ಮೇಲೆ ಮೇರಿ ಮಾತೆಯ ಚರ್ಚು. ಈ ಮೂರು ಗುಡ್ಡಗಳ ವಿಷಯ ಆಮೇಲೆ ಮತ್ತೆ ಬರುತ್ತದೆ.

ಕನಕ ಮಹಾಲಕ್ಷ್ಮಿ ಗುಡಿಯ ವಿಶೇಷ ಎರಡು. ಒಂದು, ಭಕ್ತರೇ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಬಹುದು, ಜಾತಿ ಕೇಳುವವರಿಲ್ಲ. ಎರಡು, ಗರ್ಭಗುಡಿಗೆ ಸೂರಿಲ್ಲ. ದೇವಿಯ ನೆತ್ತಿಯ ಮೇಲೆ ನೇರ ಆಕಾಶ. ಅಮ್ಮ ಎರಡು ಗಂಟೆ ಸಾಲಿನಲ್ಲಿ ನಿಂತು, ಕುಂಕುಮ ಹಚ್ಚಿ, ಸೆರಗಿನ ಗಂಟು ಬಿಚ್ಚಿ ಹುಂಡಿಗೆ 500 ರೂಪಾಯಿ ಹಾಕಿದಳು. ಹೊರಗೆ ಬಂದು ಮೇಲೆ ನೋಡುತ್ತಾ, "ಈ ತಾಯಿಗೆ ಸೂರೇ ಬೇಡವಂತೆ. ನಮ್ಮ ಗಣಪತಿಗೆ ಬೇಕು, ಆದರೆ ಆಗ್ತಾ ಇಲ್ಲ" ಅಂದಳು. ಅದು ನಮ್ಮ ಮನೆಯ ಹುಣ್ಣು. ಅದನ್ನೂ ಹೇಳುತ್ತೇನೆ.

ದರ್ಶನ ಮುಗಿಸಿ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಅಮ್ಮ ಪುಳಿಯೋಗರೆ ತಿಂದಳು, ನಾನು ಇಡ್ಲಿ. ಬಿಲ್ಲಿನಲ್ಲಿ 5 ಪರ್ಸೆಂಟ್ ಜಿಎಸ್‌ಟಿ ಇತ್ತು. ಅಮ್ಮನಿಗೆ ಯಾವ ಬಿಲ್ಲು ಕೊಟ್ಟರೂ ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ. "ಇದೆಂತ ಇದು?" ಅಂತ ಕೇಳಿದಳು. ಗಲ್ಲಾದಲ್ಲಿದ್ದ ಮಾಲೀಕರಿಗೆ ಭಾಷೆ ಅರ್ಥವಾಗದಿದ್ದರೂ ಬೆರಳು ತೋರಿಸಿದ ಜಾಗ ಅರ್ಥವಾಯಿತು. ನಗುತ್ತಾ ತೆಲುಗಿನಲ್ಲಿ ಹೇಳಿದರು: "ಅಮ್ಮಾ, ಅಲ್ಲಿ ಗುಡಿಯ ಕೌಂಟರಿನಲ್ಲಿ ಪುಳಿಹೋರ ತಗೊಂಡರೆ ಟ್ಯಾಕ್ಸ್ ಇಲ್ಲ. ನನ್ನ ಪುಳಿಹೋರಕ್ಕೆ ಇದೆ. ಅಕ್ಕಿ ಅದೇ, ಹುಣಸೆಹಣ್ಣೂ ಅದೇ."

ನಾನು ಅನುವಾದ ಮಾಡಿ ಹೇಳಿದೆ. ಅಮ್ಮನ ಉತ್ತರ ತಕ್ಷಣ ಬಂತು: "ಅದು ಪ್ರಸಾದ ಮಾರಾಯ. ದೇವರ ದುಡ್ಡಿಗೆ ಯಾರಾದ್ರೂ ಸುಂಕ ಹಾಕ್ತಾರಾ?"

ಇಬ್ಬರ ಮಾತೂ ಸರಿ ಅನ್ನಿಸಿತು. ಆ ದಿನದಿಂದ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ನಮ್ಮೂರಿನ ದೇವಸ್ಥಾನದ ಕಾಗದಪತ್ರ ಎರಡು ವರ್ಷದಿಂದ ನನ್ನ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಈ ವಿಷಯ ಸ್ವಲ್ಪ ಓದಿಕೊಳ್ಳಬೇಕಾಗಿ ಬಂತು.

ಮೊದಲು ಹೋಟೆಲ್ ಮಾಲೀಕರ ಮಾತನ್ನೇ ನೋಡೋಣ. ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ, ದರ್ಗಾ ಕೊಡುವ ಪ್ರಸಾದಕ್ಕೆ ಜಿಎಸ್‌ಟಿ ಇಲ್ಲ ಎಂಬುದು ನಿಜ. ಧಾರ್ಮಿಕ ವಿಧಿಗಳನ್ನು ನಡೆಸಿಕೊಡುವುದಕ್ಕೂ ಇಲ್ಲ. ಆದರೆ ಪೂರ್ತಿ ಮಾಫಿ ಅಂತ ತಿಳಿಯಬೇಡಿ. ಪ್ರಸಾದಕ್ಕೆ ಕೊಳ್ಳುವ ತುಪ್ಪಕ್ಕೆ 2025ರ ಸೆಪ್ಟೆಂಬರ್ 22ರವರೆಗೆ 12 ಪರ್ಸೆಂಟ್ ಇತ್ತು, ಈಗ 5 ಪರ್ಸೆಂಟ್. ಹೋಟೆಲಿನವರಂತೆ ದೇವರೂ ಅಂಗಡಿಯಲ್ಲಿ ತೆರಿಗೆ ಕೊಟ್ಟೇ ತುಪ್ಪ ತರಬೇಕು. ಇದಕ್ಕೆ 2018ರಲ್ಲಿ ಕೇಂದ್ರ ಸರಕಾರ 'ಸೇವಾ ಭೋಜ್' ಅಂತ ಒಂದು ಯೋಜನೆ ತಂದಿತು: ತಿಂಗಳಿಗೆ ಕನಿಷ್ಠ 5,000 ಜನರಿಗೆ ಉಚಿತ ಊಟ ಹಾಕುವ ಸಂಸ್ಥೆಗೆ ಕೇಂದ್ರದ ಪಾಲಿನ ಜಿಎಸ್‌ಟಿ ವಾಪಸ್. ತಿಂಗಳಿಗೊಂದು ಸಂಕಷ್ಟಿಗೆ ಇನ್ನೂರು ಜನರಿಗೆ ಪಾಯಸ ಬಡಿಸುವ ನಮ್ಮೂರಿನ ಗಣಪತಿ ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ದೇವಸ್ಥಾನದ ಆವರಣದ ಬಾಡಿಗೆ. ರೂಮಿಗೆ ದಿನಕ್ಕೆ 1,000 ರೂಪಾಯಿ ಮುಟ್ಟಿದರೆ, ಕಲ್ಯಾಣ ಮಂಟಪಕ್ಕೆ ದಿನಕ್ಕೆ 10,000 ಮುಟ್ಟಿದರೆ, ಅಂಗಡಿಗೆ ತಿಂಗಳಿಗೆ 10,000 ಮುಟ್ಟಿದರೆ ವಿನಾಯಿತಿ ಹೋಯಿತು. ಅದಕ್ಕಿಂತ ಕಡಿಮೆಯಿದ್ದರೆ ಮಾಫಿ. ಈ ಗೆರೆ ನನಗೆ ಒಪ್ಪಿಗೆ. ಭಕ್ತರು ಮಲಗುವ ಛತ್ರ ಬೇರೆ, ಏಸಿ ಹಾಲ್ ಬೇರೆ.

ಆದಾಯ ತೆರಿಗೆಯ ಕಥೆ ಇನ್ನೂ ಉದ್ದ. ಅಮೆರಿಕದಲ್ಲಿರುವ ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಚರ್ಚು, ಹಾಗೆಯೇ ಮಂದಿರ, ಮಸೀದಿ ತಾನಾಗಿಯೇ ತೆರಿಗೆಯಿಂದ ಹೊರಗೆ. ಬೇರೆ ದತ್ತಿ ಸಂಸ್ಥೆಗಳು ಪ್ರತಿ ವರ್ಷ ತುಂಬಿ ಸಾರ್ವಜನಿಕರಿಗೆ ತೋರಿಸಬೇಕಾದ ಫಾರ್ಮ್ 990ನ್ನೂ ಅವು ತುಂಬಬೇಕಾಗಿಲ್ಲ. ಜರ್ಮನಿಯಲ್ಲಿರುವವರಿಗೆ ಇನ್ನೊಂದು ವಿಚಿತ್ರ ಗೊತ್ತು: ಅಲ್ಲಿ ಚರ್ಚಿನ ಸದಸ್ಯರಿಂದ ಸರಕಾರವೇ ಆದಾಯ ತೆರಿಗೆಯ ಮೇಲೆ 8 ಅಥವಾ 9 ಪರ್ಸೆಂಟ್ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ. ನಮ್ಮಲ್ಲಿ ಎರಡೂ ಅಲ್ಲ. ಭಾರತದಲ್ಲಿ ದೇವಸ್ಥಾನದ ಟ್ರಸ್ಟು ಅರ್ಜಿ ಹಾಕಿ ನೋಂದಣಿ ಮಾಡಿಸಿಕೊಂಡರೆ ಮಾತ್ರ ವಿನಾಯಿತಿ. ಬಂದ ಆದಾಯದ 85 ಪರ್ಸೆಂಟನ್ನು ಅದೇ ಉದ್ದೇಶಕ್ಕೆ ಖರ್ಚು ಮಾಡಬೇಕು. ಕೂಡಿಡುವುದಾದರೆ ಯಾವುದಕ್ಕೆ ಅಂತ ಮೊದಲೇ ಬರೆದುಕೊಡಬೇಕು, ಅದಕ್ಕೂ 5 ವರ್ಷದ ಗಡುವು. ಟ್ರಸ್ಟಿಗಳು ತಮ್ಮ ಮನೆಗೆ ಒಯ್ಯುವ ಹಾಗಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್‌ನಿಂದ, ಅದರಲ್ಲಿ ಸೆಕ್ಷನ್‌ಗಳ ನಂಬರು ಬೇರೆ, ತಿರುಳು ಹೆಚ್ಚುಕಮ್ಮಿ ಇದೇ.

ಹುಂಡಿಯ ವಿಷಯ ಸ್ವಾರಸ್ಯವಾದದ್ದು. ಹೆಸರಿಲ್ಲದ ದಾನಕ್ಕೆ, ಒಂದು ಮಿತಿ ದಾಟಿದರೆ, 30 ಪರ್ಸೆಂಟ್ ತೆರಿಗೆ ಅಂತ ಕಾನೂನಿದೆ. ಕಪ್ಪು ಹಣ ಟ್ರಸ್ಟಿನ ಬಾಗಿಲಿನಿಂದ ಒಳಹೋಗಿ ಬಿಳಿಯಾಗಿ ಬರಬಾರದು ಅಂತ. ಆದರೆ ಬರೀ ಧಾರ್ಮಿಕ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ, ಯಾಕೆಂದರೆ ಹುಂಡಿಗೆ ಹಾಕುವವರ ಪ್ಯಾನ್ ನಂಬರ್ ಕೇಳುವುದು ಸಾಧ್ಯವೇ? ಶಿರಡಿಯ ಸಾಯಿಬಾಬಾ ಸಂಸ್ಥಾನದ ಹುಂಡಿಯ ಬಗ್ಗೆ ಇದೇ ತಕರಾರು ಎದ್ದಿತ್ತು. ಸಂಸ್ಥಾನ ಆಸ್ಪತ್ರೆ, ಶಾಲೆಗಳನ್ನೂ ನಡೆಸುವುದರಿಂದ ಅದು ಧಾರ್ಮಿಕವಲ್ಲ, ಬರೀ ದತ್ತಿ ಸಂಸ್ಥೆ ಅಂತ ಇಲಾಖೆಯ ವಾದ. 2024ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು ಎರಡೂ ಹೌದು, ವಿನಾಯಿತಿ ಇದೆ ಎಂದಿತು. ಅಮ್ಮನ 500 ರೂಪಾಯಿ ಸಹ ಹೆಸರಿಲ್ಲದ ದಾನವೇ. ಅವಳ ಹೆಸರು ಕೇಳಿದ್ದರೆ ಬೈದು ಬರುತ್ತಿದ್ದಳು.

ಈಗ ನಮ್ಮ ಗಣಪತಿ.

ಊರಿನದು ಚಿಕ್ಕ ಗುಡಿ, ಖಾಸಗಿ ಟ್ರಸ್ಟು, ಅಪ್ಪ ಹದಿನಾಲ್ಕು ವರ್ಷದಿಂದ ಖಜಾಂಚಿ. ಸಂಬಳವಿಲ್ಲದ ಕೆಲಸ. ಲೆಕ್ಕವೆಲ್ಲ ನೀಲಿ ಬಣ್ಣದ ಉದ್ದನೆಯ ಪುಸ್ತಕದಲ್ಲಿ, ಮುತ್ತಿನಂಥ ಅಕ್ಷರದಲ್ಲಿ. 2021ರಲ್ಲಿ ಕೇಂದ್ರ ಸರಕಾರ ಎಲ್ಲ ಟ್ರಸ್ಟುಗಳೂ ಹೊಸದಾಗಿ ನೋಂದಣಿ ಮಾಡಿಸಬೇಕು ಅಂತ ನಿಯಮ ತಂದಿತು. ಫಾರ್ಮ್ 10ಎ, ಆನ್‌ಲೈನಿನಲ್ಲಿ. ಪೋರ್ಟಲಿನಲ್ಲಿ ನಮ್ಮ ಟ್ರಸ್ಟಿನ ಹೆಸರಿಗೆ ಇದ್ದ ಇಮೇಲು ಹಳೆಯ ಆಡಿಟರದ್ದು. ಅವರು ನಿವೃತ್ತರಾಗಿ ಮಗಳ ಮನೆಗೆ ಹೋಗಿಯಾಗಿತ್ತು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು, ಅಪ್ಪನಿಗೆ ಒಂದೂ ಗೊತ್ತಾಗಲಿಲ್ಲ. ಅಷ್ಟರಲ್ಲೇ ಜೀರ್ಣೋದ್ಧಾರ ಶುರುವಾಗಿತ್ತು. ಗರ್ಭಗುಡಿಯ ಸೂರಿಗೆ ತಾಮ್ರದ ಹೊದಿಕೆ ಹಾಕಿಸುವುದು ಅಂತ ಊರಿನವರು, ಬೆಂಗಳೂರಿನವರು, ನಿಮ್ಮಂತೆ ಹೊರಗಿರುವವರು ಎಲ್ಲ ಸೇರಿ 18 ಲಕ್ಷ ಕೊಟ್ಟಿದ್ದರು. ನೋಂದಣಿ ಇಲ್ಲದ ಟ್ರಸ್ಟಿಗೆ ಬಂದ ದಾನ ಆದಾಯವಾಗುತ್ತದೆ, ನಮ್ಮ ನಿಮ್ಮ ಸಂಬಳದ ಹಾಗೆಯೇ ಸ್ಲ್ಯಾಬು. ನೋಟಿಸು ಬಂತು: ಮೂರೂವರೆ ಲಕ್ಷದ ಮೇಲೆ, ಬಡ್ಡಿ ಬೇರೆ.

ಅಪ್ಪ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾನು ಒಂದು ರೂಪಾಯಿ ಮುಟ್ಟಲಿಲ್ಲ ಕಣೋ." ಯಾರೂ ಅವರನ್ನು ಕಳ್ಳ ಅಂದಿರಲಿಲ್ಲ. ಆದರೆ ನೋಟಿಸಿನ ಭಾಷೆ ಓದಿದರೆ ಹಾಗೇ ಕೇಳಿಸುತ್ತದೆ.

2024ರ ಜೂನ್ 30ರ ಕೊನೆಯ ಗಡುವಿಗೆ ನಾಲ್ಕು ದಿನ ಇರುವಾಗ ನಾನು ಊರಿಗೆ ಹೋಗಿ, ಅಂಗಳದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ನಮ್ಮ ಮನೆಯಲ್ಲಿ, ಮಳೆಯಲ್ಲಿ ಕೊಡೆ ಹಿಡಿದು ಓಟಿಪಿ ಕಾದು, ಆ ಫಾರ್ಮು ತುಂಬಿದೆ. ನೋಂದಣಿ ಸಿಕ್ಕಿತು. ಆದರೆ ಆ ವರ್ಷದ ಆಡಿಟ್ ವರದಿ ಸಮಯಕ್ಕೆ ಹೋಗಿರಲಿಲ್ಲ ಎಂಬ ಕಾರಣಕ್ಕೆ ತಕರಾರು ಮುಗಿದಿಲ್ಲ, ಮೇಲ್ಮನವಿ ಇನ್ನೂ ಇದೆ. ಹಣ ತೆಗೆದಿರಿಸಬೇಕಾದ್ದರಿಂದ ತಾಮ್ರದ ಕೆಲಸ ಅರ್ಧಕ್ಕೆ ನಿಂತಿದೆ. ಎರಡು ಮಳೆಗಾಲ ಟಾರ್ಪಾಲಿನ ಕೆಳಗೇ ಕಳೆದಿದೆ. ಬುರುಜುಪೇಟೆಯಲ್ಲಿ ಅಮ್ಮ ಆಕಾಶ ನೋಡಿದ್ದು ಇದಕ್ಕೆ.

ಇದನ್ನು ಯಾಕೆ ಹೇಳಿದೆನೆಂದರೆ, 'ಧಾರ್ಮಿಕ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಬೇಕೆ' ಎಂಬ ಚರ್ಚೆಯಲ್ಲಿ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ದೇವರುಗಳೇ. ವಿಜಯವಾಡದಲ್ಲೂ ಒಂದು ಒನ್ ಟೌನ್ ಇದೆ, ಅದರ ಅಂಚಿಗೇ ಇಂದ್ರಕೀಲಾದ್ರಿ, ಅದರ ಮೇಲೆ ಕನಕದುರ್ಗೆ. ಒಂದು ದಸರೆಗೆ ಅಲ್ಲಿದ್ದೆ. ಕೃಷ್ಣೆಯ ದಂಡೆಯಿಂದ ಬೆಟ್ಟದವರೆಗೂ ತಲೆಗಳೇ. ಅಂಥ ದೇವಸ್ಥಾನಕ್ಕೆ ಕಾರ್ಯನಿರ್ವಾಹಕ ಅಧಿಕಾರಿ ಇರುತ್ತಾರೆ, ಲೆಕ್ಕದ ವಿಭಾಗ ಇರುತ್ತದೆ, ಫಾರ್ಮಿನ ಗಡುವು ತಪ್ಪುವುದಿಲ್ಲ. ವಿನಾಯಿತಿಯ ಕಾಗದ ತಪ್ಪುವುದು ಹದಿನೈದು ಮನೆಯ ಊರಿನ ಗುಡಿಗೆ, ಸಣ್ಣ ದರ್ಗಾಕ್ಕೆ, ಬೀದಿಯ ಪ್ರಾರ್ಥನಾ ಮಂದಿರಕ್ಕೆ. 2025ರ ಬಜೆಟ್ಟಿನಲ್ಲಿ 5 ಕೋಟಿಗಿಂತ ಕಡಿಮೆ ಆದಾಯದ ಟ್ರಸ್ಟುಗಳ ನೋಂದಣಿಯ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸಿದರು. ಒಳ್ಳೆಯದಾಯಿತು. ನಮಗೆ ತಡವಾಗಿ ಒಳ್ಳೆಯದಾಯಿತು.

ನಮ್ಮ ಹಿಂದಿನವರಿಗೆ ಈ ಪ್ರಶ್ನೆ ಹೊಸದೇನಲ್ಲ. ಕನ್ನಡದ ಶಾಸನಗಳಲ್ಲಿ 'ಸರ್ವಮಾನ್ಯ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಎಲ್ಲ ತೆರಿಗೆಯಿಂದ ಬಿಡುಗಡೆಯಾದ ಭೂಮಿ. ಅಷ್ಟೇ ಅಲ್ಲ, ವ್ಯಾಪಾರಿಗಳ ಮೇಲಿನ ಸುಂಕದಲ್ಲೇ ಒಂದು ಪಾಲನ್ನು ದೇವರ ದೀಪಕ್ಕೆ ಬಿಟ್ಟುಕೊಟ್ಟ ಶಾಸನಗಳೂ ಇವೆ. ಹೋಟೆಲ್ ಮಾಲೀಕರು ಆಗ ಇದ್ದಿದ್ದರೆ ಅವರ ತೆರಿಗೆ ನೇರವಾಗಿ ಗುಡಿಗೇ ಹೋಗುತ್ತಿತ್ತೇನೋ! ಸಂವಿಧಾನದ 27ನೇ ವಿಧಿ ಈಗ ಅದನ್ನು ತಡೆದಿದೆ: ಒಂದು ನಿರ್ದಿಷ್ಟ ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಯಾರಿಂದಲೂ ಕೇಳುವಂತಿಲ್ಲ. ನಮ್ಮ 'ಮುಜರಾಯಿ' ಎಂಬ ಹೆಸರೂ ಹಳೆಯ ಲೆಕ್ಕದ ಮಾತೇ. ಮುಜರಾ ಅಂದರೆ ಕಳೆಯುವುದು, ವಜಾ ಹಾಕುವುದು. ಅಪ್ಪನ ನೀಲಿ ಪುಸ್ತಕದಲ್ಲಿ ಈಗಲೂ 'ಮುಂಗಡ ಮುಜರಾ' ಅಂತ ಕಾಣುತ್ತದೆ.

ತೆರಿಗೆ ಅಂದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಜಗಳ ಬಂದು ಬೆರೆಯುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಹಿಂದೂ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ ಬಂದಾಗ ನೆನಪಿರಬಹುದು. ಒಂದು ಕೋಟಿಗಿಂತ ಹೆಚ್ಚು ಆದಾಯದ ದೇವಸ್ಥಾನಗಳಿಂದ 10 ಪರ್ಸೆಂಟ್, 10 ಲಕ್ಷದಿಂದ ಒಂದು ಕೋಟಿಯವರೆಗೆ 5 ಪರ್ಸೆಂಟ್. 21ರಂದು ವಿಧಾನಸಭೆ ಒಪ್ಪಿತು, 23ರಂದು ಪರಿಷತ್ತು ತಿರಸ್ಕರಿಸಿತು, 29ರಂದು ವಿಧಾನಸಭೆ ಮತ್ತೆ ಒಪ್ಪಿತು. ನನ್ನ ಫೋನಿಗೆ ಆ ವಾರ ಬಂದ ಫಾರ್ವರ್ಡ್‌ಗಳಲ್ಲಿ ಅರ್ಧ, ಇದು ಸರಕಾರದ ಬೊಕ್ಕಸಕ್ಕೆ ಹೋಗುವ ತೆರಿಗೆ ಅಂದವು. ಅದು ಸರಿಯಲ್ಲ. ಆ ದುಡ್ಡು 'ಸಾಮಾನ್ಯ ಸಂಗ್ರಹಣಾ ನಿಧಿ'ಗೆ, ಅಂದರೆ ಬಡ ದೇವಸ್ಥಾನ ಮತ್ತು ಅರ್ಚಕರಿಗೆ. ಮುಜರಾಯಿಯ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಲ್ಲಿ ಬಹುಪಾಲು ವರ್ಷಕ್ಕೆ 5 ಲಕ್ಷವೂ ಇಲ್ಲದ 'ಸಿ' ದರ್ಜೆಯವು. ಆದರೆ ವಿರೋಧಿಸಿದವರದ್ದೂ ಒಂದು ಸರಿಯಾದ ಮಾತಿತ್ತು: ಹಿಂದೆ ಖರ್ಚು ಕಳೆದು ಉಳಿದದ್ದರ ಮೇಲೆ ಪಾಲು ಕೇಳುತ್ತಿದ್ದರು, ಈ ವಿಧೇಯಕ ಕೇಳಿದ್ದು ಒಟ್ಟು ಆದಾಯದ ಮೇಲೆ. ಜಾತ್ರೆ, ಅನ್ನದಾನಕ್ಕೆ ಬಂದದ್ದೆಲ್ಲ ಖರ್ಚಾಗುವ ದೇವಸ್ಥಾನಕ್ಕೆ ಇದು ದೊಡ್ಡ ವ್ಯತ್ಯಾಸ.

ಈ ಪಾಲು ತೆರಿಗೆಯೋ ಶುಲ್ಕವೋ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ನಮ್ಮ ಉಡುಪಿಯೇ. ದಕ್ಷಿಣ ಕನ್ನಡ ಆಗ ಮದ್ರಾಸಿನಲ್ಲಿತ್ತು. ಪರ್ಯಾಯದ ಖರ್ಚು, ಅದರ ಸಾಲ, ಅದರಿಂದ ಶಿರೂರು ಮಠದ ಆಡಳಿತದಲ್ಲಿ ಸರಕಾರದ ಕೈ. 1951ರ ಮದ್ರಾಸ್ ಕಾಯ್ದೆ ಮಠ ಮಂದಿರಗಳಿಂದ ಆದಾಯದ 5 ಪರ್ಸೆಂಟಿನವರೆಗೆ ವಂತಿಗೆ ಕೇಳಿತು. ಲಕ್ಷ್ಮೀಂದ್ರ ತೀರ್ಥರು ಕೋರ್ಟಿಗೆ ಹೋದರು. 1954ರ ಮಾರ್ಚ್ 16ರ ತೀರ್ಪು: ಸರಕಾರ ಮಾಡುವ ಸೇವೆಗೂ ಈ ವಸೂಲಿಗೂ ಸಂಬಂಧವೇ ಇಲ್ಲ, ಹಾಗಾಗಿ ಇದು ಶುಲ್ಕವಲ್ಲ, ತೆರಿಗೆ, ಇದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ಅದೇ ವರ್ಷ ಒಡಿಶಾದ ಪ್ರಕರಣದಲ್ಲಿ ಬೇರೆ ನಿಧಿಗೆ ಹೋಗಿ ಅದೇ ಸಂಸ್ಥೆಗಳಿಗೆ ಖರ್ಚಾಗುವ ವಂತಿಗೆಯನ್ನು ಶುಲ್ಕವೆಂದು ಒಪ್ಪಿದರು. ಇವತ್ತಿನ ಆಂಧ್ರದ 1987ರ ಕಾಯ್ದೆಯಾಗಲಿ ಕರ್ನಾಟಕದ 1997ರ ಕಾಯ್ದೆಯಾಗಲಿ ನಡೆಯುತ್ತಿರುವುದು ಆ ದಾರಿಯಲ್ಲೇ.

ಈಗ ಒನ್ ಟೌನಿನ ಮೂರು ಗುಡ್ಡಗಳು. ಆದಾಯ ತೆರಿಗೆಯ ವಿನಾಯಿತಿ ಮೂರಕ್ಕೂ ಒಂದೇ. ಪೂಜಾ ಸ್ಥಳ ಎಂಬ ಕಾರಣಕ್ಕೆ ಸಿಗುವ ಆಸ್ತಿ ತೆರಿಗೆಯ ವಿನಾಯಿತಿಯೂ ಧರ್ಮ ನೋಡುವುದಿಲ್ಲ. ಬೇರೆಯಾಗುವುದು ಈ ವಂತಿಗೆ. ದೇವಸ್ಥಾನಗಳು ದತ್ತಿ ಇಲಾಖೆಗೆ ಕೊಡುತ್ತವೆ. 'ಹಿಂದೂಗಳು ಮಾತ್ರ ಕೊಡುವುದು' ಎಂಬ ಮಾತು ಪೂರ್ತಿ ನಿಜವಲ್ಲ. 1995ರ ವಕ್ಫ್ ಕಾಯ್ದೆಯಲ್ಲಿ ವಕ್ಫ್‌ಗಳು ನಿವ್ವಳ ಆದಾಯದ 7 ಪರ್ಸೆಂಟನ್ನು ವಕ್ಫ್ ಮಂಡಳಿಗೆ ಕೊಡಬೇಕಿತ್ತು, 2025ರ ತಿದ್ದುಪಡಿ ಅದನ್ನು ಗರಿಷ್ಠ 5ಕ್ಕೆ ಇಳಿಸಿತು. ಚರ್ಚುಗಳಿಗೆ ಅಂಥ ಸರಕಾರಿ ಮಂಡಳಿ ಇಲ್ಲ. ಈ ಅಸಮಾನತೆಯ ಬಗ್ಗೆ ಸಿಟ್ಟಿರುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದು ಆಡಳಿತ ಯಾರ ಕೈಯಲ್ಲಿರಬೇಕು ಎಂಬ ಜಗಳ. ತೆರಿಗೆ ವಿನಾಯಿತಿ ಬೇಕೋ ಬೇಡವೋ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ನನ್ನ ಉತ್ತರ ಏನು? ಅಮ್ಮನ 500ಕ್ಕೆ ತೆರಿಗೆ ಬೇಡ. ಅದು ಅಪ್ಪನ ಅಡಿಕೆಯಿಂದಲೋ ನನ್ನ ಸಂಬಳದಿಂದಲೋ ಬಂದ ದುಡ್ಡು. ಕೊಟ್ಟ ಮೇಲೆ ಅದರಿಂದ ಲಾಭ ಪಡೆಯುವ ಒಡೆಯ ಇಲ್ಲ. ಆದರೆ 80ಜಿ ಬೇರೆ ಮಾತು. ಪ್ರಸಿದ್ಧ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಅದು ಸರಕಾರದ ಪಟ್ಟಿಯಲ್ಲಿದ್ದರೆ, ನಾನು 10,000 ಕೊಟ್ಟು ಅರ್ಧವನ್ನು ಆದಾಯದಿಂದ ಕಳೆದರೆ, 30 ಪರ್ಸೆಂಟ್ ಸ್ಲ್ಯಾಬಿನಲ್ಲಿ 1,500 ರೂಪಾಯಿ ಉಳಿಯುತ್ತದೆ. ಆ 1,500 ಕೊಟ್ಟವರು ಯಾರು? ಆ ಗುಡಿಗೆ ಎಂದೂ ಹೋಗದ ನನ್ನ ಸಹೋದ್ಯೋಗಿಯೂ ಅದರಲ್ಲಿದ್ದಾನೆ. (ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಸಿಗುವುದೇ ಇಲ್ಲ. ನಮ್ಮ ಆಫೀಸಿನಲ್ಲಿ ಆಮೇಲೆ ಎಷ್ಟು ಜನರ ಭಕ್ತಿ ಕಡಿಮೆಯಾಯಿತು ಅಂತ ನಾನು ಕೇಳಲು ಹೋಗಿಲ್ಲ.) ಹೋಟೆಲ್ ಮಾಲೀಕರ ಪಕ್ಕದಲ್ಲೇ ದೇವಸ್ಥಾನ ಹೋಟೆಲು ತೆರೆದು ಕಾಫಿ ಮಾರಿದರೆ, ಅದಕ್ಕೆ ಅವರಷ್ಟೇ ತೆರಿಗೆ ಬೀಳಲಿ. ಪ್ರಸಾದದ ದೊನ್ನೆಯನ್ನು ಬಿಟ್ಟುಬಿಡೋಣ.

ಎಲ್ಲಕ್ಕಿಂತ ಹೆಚ್ಚಾಗಿ, ವಿನಾಯಿತಿ ಪಡೆದವರು ಲೆಕ್ಕವನ್ನು ಊರಿನ ಮುಂದೆ ಇಡಬೇಕು. ಈಗ ಇಡುವುದು ಇಲಾಖೆಯ ಮುಂದೆ ಮಾತ್ರ. ಟ್ರಸ್ಟಿನ ರಿಟರ್ನ್ ನಿಮಗೆ ನನಗೆ ನೋಡಲು ಸಿಗುವುದಿಲ್ಲ. ಅಪ್ಪನಿಗೆ ನೋಟಿಸು ಬಂದಾಗ ಊರಿನಲ್ಲಿ ಎದ್ದ ಗುಸುಗುಸು ನಿಲ್ಲದೆ ಇದ್ದದ್ದಕ್ಕೆ ಕಾರಣ ಇದೇ: ನೀಲಿ ಪುಸ್ತಕ ನಮ್ಮ ಮನೆಯ ಕಪಾಟಿನಲ್ಲಿತ್ತು. ಕೇಳಿದ್ದರೆ ತೋರಿಸುತ್ತಿದ್ದರು, ಆದರೆ ಯಾರೂ ಕೇಳಲಿಲ್ಲ, ಆಡಿಕೊಂಡರು.

ಅಮ್ಮ ಊರಿಗೆ ಹಿಂದಿರುಗುವಾಗ ನಾನು ಒಂದು ಎಕ್ಸೆಲ್ ಶೀಟ್ ಮಾಡಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಅವಳ ಕೈಯಲ್ಲಿ ಕಳಿಸಿದೆ. ಹುಂಡಿ ಇಷ್ಟು, ಸೇವೆ ಇಷ್ಟು, ಎಣ್ಣೆ, ಕರೆಂಟು, ಭಟ್ಟರ ಸಂಬಳ, ವಕೀಲರ ಫೀಸು, ತೆರಿಗೆಗೆ ತೆಗೆದಿರಿಸಿದ್ದು. ಅಪ್ಪ ಮೊದಲು ಒಪ್ಪಲಿಲ್ಲ. ದೇವಸ್ಥಾನದ ಗೋಡೆಗೆ ವಕೀಲರ ಫೀಸಿನ ಕಾಗದ ಅಂಟಿಸುವುದು ಅವರಿಗೆ ಸರಿಬರಲಿಲ್ಲ. ಕೊನೆಗೆ ಸಂಕಷ್ಟಿಯ ದಿನ ಗಂಟೆಯ ಪಕ್ಕದ ಕಂಬಕ್ಕೆ ಅಂಟಿಸಿದರಂತೆ. ಮಾರನೇ ದಿನ ಫೋನು ಬಂತು. ಶಿವಮೊಗ್ಗದಲ್ಲಿ ಬಿಕಾಂ ಓದುವ ನಮ್ಮೂರಿನ ಹುಡುಗಿಯೊಬ್ಬಳು ಪಾಯಸದ ಲೋಟ ಹಿಡಿದುಕೊಂಡೇ ಪೂರ್ತಿ ಓದಿ, ಅಕ್ಟೋಬರ್ ತಿಂಗಳ ಕರೆಂಟ್ ಬಿಲ್ಲು 1,240 ರೂಪಾಯಿ ಎರಡು ಸಲ ಬರೆದಿದೆ ಅಂತ ಹಿಡಿದಳಂತೆ.

"ನಿನ್ನ ಕಂಪ್ಯೂಟರಿನ ತಪ್ಪು ಅದು, ನನ್ನ ಪುಸ್ತಕದಲ್ಲಿ ಒಂದೇ ಸಲ ಇದೆ" ಅಂದರು ಅಪ್ಪ. ತುಂಬಾ ದಿನದ ಮೇಲೆ ಅವರ ಧ್ವನಿ ಗಟ್ಟಿಯಾಗಿತ್ತು.